ಹೆಸರು ಒಂದೇ, ಅಳತೆ ಎರಡು: ಬ್ರಿಟಿಷ್ ಪೈಂಟು, ಅಮೆರಿಕನ್ ಪೈಂಟು

ಪ್ರಶ್ನೆ: ಮಗ ಬರ್ಮಿಂಗ್‌ಹ್ಯಾಮಿನಲ್ಲಿದ್ದಾನೆ, ಮಗಳು ಡಲ್ಲಾಸಿನಲ್ಲಿ. ಇಬ್ಬರೂ ಹೊಸ ಕಾರು ಕೊಂಡಿದ್ದಾರೆ. ಅವನದು ಗ್ಯಾಲನ್ನಿಗೆ 50 ಮೈಲಿ ಕೊಡುತ್ತದಂತೆ, ಇವಳದು 42. ಅವನ ಕಾರೇ ಮೇಲು ಅಂದರೆ ಮಗಳು ಒಪ್ಪುವುದಿಲ್ಲ. ಇನ್ನೊಂದು ವಿಷಯ: ಮಗ ಕಳಿಸಿದ ಬ್ರೆಡ್ ವಿಧಾನದಲ್ಲಿ ಒಂದು ಪೌಂಡ್ ಮೈದಾಕ್ಕೆ ಅರ್ಧ ಪೈಂಟ್ ನೀರು ಎಂದಿತ್ತು. ಮಗಳು ತಂದುಕೊಟ್ಟ ಅಳತೆ ಜಗ್ಗಿನಲ್ಲಿ ಅಳೆದೇ ಹಾಕಿದೆ, ಆದರೂ ಹಿಟ್ಟು ಕಲ್ಲಿನ ಹಾಗಾಯಿತು. ಗ್ಯಾಲನ್, ಪೈಂಟ್, ಔನ್ಸ್ ಆ ಎರಡು ದೇಶಗಳಲ್ಲಿ ಬೇರೆ ಬೇರೆಯೇ? ಒಂದರಿಂದ ಇನ್ನೊಂದಕ್ಕೆ ಲೆಕ್ಕ ಹಾಕುವುದು ಹೇಗೆ?

ಉತ್ತರ: ಬೇರೆ ಬೇರೆಯೇ. ನಿಮ್ಮ ಎರಡು ತಕರಾರಿಗೂ ಮೂಲ ಒಂದೇ. ಕಾರಿನ ವಿಷಯದಲ್ಲಿ ಮಗಳು ಹೇಳುವುದು ಸರಿ: ಬ್ರಿಟನ್ನಿನ 50 ಅಂದರೆ ಲೀಟರಿಗೆ 17.70 ಕಿ.ಮೀ., ಅಮೆರಿಕದ 42 ಅಂದರೆ 17.86 ಕಿ.ಮೀ. ಕೂದಲೆಳೆಯಷ್ಟು ಅಂತರದಲ್ಲಿ ಮಗಳ ಕಾರೇ ಮುಂದು. ಬ್ರೆಡ್ಡಿನ ವಿಷಯದಲ್ಲಿ ವಿಧಾನವೂ ತಪ್ಪಲ್ಲ, ನಿಮ್ಮ ಕೈಯೂ ತಪ್ಪಲ್ಲ. ವಿಧಾನ ಬ್ರಿಟನ್ನಿನದು, ಜಗ್ಗು ಅಮೆರಿಕದ್ದು. ಬ್ರಿಟನ್ನಿನ ಅರ್ಧ ಪೈಂಟ್ 284 ಮಿ.ಲೀ., ಅಮೆರಿಕದ ಅರ್ಧ ಪೈಂಟ್ 237 ಮಿ.ಲೀ. ಮಾತ್ರ. 454 ಗ್ರಾಂ ಮೈದಾಕ್ಕೆ 284 ಮಿ.ಲೀ. ಹಾಕಿದ್ದರೆ ಹಿಟ್ಟಿನ ತೂಕದ ಶೇಕಡಾ 62ರಿಂದ 63ರಷ್ಟು ನೀರಾಗಿ ಮೆತ್ತಗೆ ಬರುತ್ತಿತ್ತು. ನೀವು ಹಾಕಿದ್ದು ಶೇಕಡಾ 52. ಪೂರಿ ಹಿಟ್ಟಾದರೆ ನಡೆದೀತು, ಬ್ರೆಡ್ಡಿಗೆ ಸಾಲದು. ಮುಂದೆ ಹೀಗಾದರೆ ಹಿಟ್ಟನ್ನು ಎಸೆಯಬೇಡಿ. ಕೊರತೆ 47 ಮಿ.ಲೀ., ಅಂದರೆ ಮೂರು ಟೇಬಲ್ ಚಮಚಕ್ಕಿಂತ ಒಂದಿಷ್ಟು ಹೆಚ್ಚು. ಚಮಚ ಚಮಚವಾಗಿ ಚಿಮುಕಿಸಿ ನಾದುತ್ತಾ ಹೋದರೆ ಹಿಟ್ಟು ಹದಕ್ಕೆ ಬರುತ್ತದೆ.

ಈ ಗೊಂದಲ ಹುಟ್ಟಿದ್ದು ಇಂಗ್ಲೆಂಡಿನಲ್ಲೇ. ನಮ್ಮಲ್ಲಿ ಪಕ್ಕಾ ಸೇರು, ಕಚ್ಚಾ ಸೇರು ಎಂದು ಊರಿಗೊಂದು ಸೇರು ಇದ್ದ ಹಾಗೆ ಅಲ್ಲಿಯೂ ಸರಕಿಗೊಂದು ಗ್ಯಾಲನ್ ಇತ್ತು. ದ್ರಾಕ್ಷಾರಸಕ್ಕೆ 231 ಘನ ಅಂಗುಲದ್ದು, ಬಿಯರಿಗೆ 282ರದ್ದು, ಧಾನ್ಯಕ್ಕೆ ಸುಮಾರು 268.8ರದ್ದು. ಅಮೆರಿಕ ಸ್ವತಂತ್ರವಾದಾಗ ಬಳಕೆಯಲ್ಲಿದ್ದ ದ್ರಾಕ್ಷಾರಸದ ಗ್ಯಾಲನ್ನನ್ನೇ ಎಲ್ಲ ದ್ರವಕ್ಕೂ ಇಟ್ಟುಕೊಂಡಿತು. 1832ರಲ್ಲಿ ಅಲ್ಲಿನ ಖಜಾನೆ ಇಲಾಖೆ 231 ಘನ ಅಂಗುಲವನ್ನೇ ಗಟ್ಟಿ ಮಾಡಿತು. ಅಷ್ಟರಲ್ಲಿ ಬ್ರಿಟನ್ ಮನೆ ತೊಳೆದುಬಿಟ್ಟಿತ್ತು. 1824ರ ಕಾಯ್ದೆ ಹಳೆಯ ಮೂರನ್ನೂ ಕೈಬಿಟ್ಟು, 62 ಡಿಗ್ರಿ ಫ್ಯಾರನ್‌ಹೀಟಿನಲ್ಲಿ 10 ಪೌಂಡ್ ತೂಗುವ ನೀರು ಎಷ್ಟು ಜಾಗ ಹಿಡಿಯುತ್ತದೋ ಅದೇ ಒಂದು ಗ್ಯಾಲನ್ ಎಂದಿತು. ಇದೇ ಇಂಪೀರಿಯಲ್ ಗ್ಯಾಲನ್. ಜಾರಿಗೆ ಬಂದದ್ದು 1826ರ ಜನವರಿ 1ರಂದು. ಹೀಗೆ ಹಳೆಯ ಇಂಗ್ಲಿಷ್ ಅಳತೆ ಈಗ ಉಳಿದಿರುವುದು ಅಮೆರಿಕದಲ್ಲಿ, ಇಂಗ್ಲೆಂಡಿನದೇ ಹೊಸದು!

10 ಪೌಂಡ್ ಎಂಬ ಆಯ್ಕೆಯಿಂದಲೇ ಔನ್ಸಿನ ಲೆಕ್ಕವೂ ಬದಲಾಯಿತು. 10 ಪೌಂಡಿಗೆ 160 ಔನ್ಸ್ ತೂಕ. ಹಾಗಾಗಿ ಒಂದು ಔನ್ಸ್ ತೂಗುವ ನೀರಿನ ಗಾತ್ರವೇ ಒಂದು ದ್ರವ ಔನ್ಸ್ ಆಯಿತು, ಗ್ಯಾಲನ್ನಿಗೆ ಅಂಥ 160, ಪೈಂಟಿಗೆ 20. ಅಮೆರಿಕದಲ್ಲಿ ಎಲ್ಲವೂ ಇಮ್ಮಡಿಯ ಲೆಕ್ಕ: 8 ಔನ್ಸಿಗೆ ಒಂದು ಕಪ್, ಎರಡು ಕಪ್ಪಿಗೆ ಪೈಂಟ್, ಎರಡು ಪೈಂಟಿಗೆ ಕ್ವಾರ್ಟ್, ನಾಲ್ಕು ಕ್ವಾರ್ಟಿಗೆ ಗ್ಯಾಲನ್. ಅಂದರೆ ಪೈಂಟಿಗೆ 16 ಔನ್ಸ್, ಗ್ಯಾಲನ್ನಿಗೆ 128.

ಜನ ಎಡವುವುದು ಇಲ್ಲೇ. ಬ್ರಿಟನ್ನಿನ ಗ್ಯಾಲನ್ ದೊಡ್ಡದು, ಆದರೆ ಅದರ ಔನ್ಸ್ ಚಿಕ್ಕದು. ಎರಡು ವ್ಯತ್ಯಾಸಗಳೂ ಎದುರುಬದುರು ದಿಕ್ಕಿನವು. "ಬ್ರಿಟಿಷ್ ಅಳತೆ ಅಮೆರಿಕದ್ದಕ್ಕಿಂತ ದೊಡ್ಡದು" ಎಂಬ ಒಂದೇ ಸೂತ್ರ ನೆನಪಿಟ್ಟುಕೊಂಡು ಹೊರಟವರು ಔನ್ಸಿಗೆ ಬಂದಾಗ ತಪ್ಪುತ್ತಾರೆ.

ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿಕೊಳ್ಳಬೇಕಾದ ಅಂಕಿಗಳು ಇಷ್ಟೇ. ಮೊದಲಿನದು ಬ್ರಿಟಿಷ್, ಎರಡನೆಯದು ಅಮೆರಿಕನ್:

ದ್ರವ ಔನ್ಸ್: 28.41 ಮಿ.ಲೀ. / 29.57 ಮಿ.ಲೀ.
ಗಿಲ್ (ಪೈಂಟಿನ ಕಾಲುಭಾಗ): 142.07 ಮಿ.ಲೀ. / 118.29 ಮಿ.ಲೀ.
ಪೈಂಟ್: 568.26 ಮಿ.ಲೀ. / 473.18 ಮಿ.ಲೀ.
ಕ್ವಾರ್ಟ್: 1,136.52 ಮಿ.ಲೀ. / 946.35 ಮಿ.ಲೀ.
ಗ್ಯಾಲನ್: 4.54609 ಲೀಟರ್ / 3.785411784 ಲೀಟರ್

ಗ್ಯಾಲನ್ನಿನ ಸಾಲಿನಲ್ಲಿರುವುದು ಕಾನೂನು ಒಪ್ಪಿದ ನಿಖರ ಬೆಲೆ. ಉಳಿದವನ್ನು ಅದರಿಂದ ಭಾಗಿಸಿ ಪಡೆದದ್ದು.

ಪಟ್ಟಿ ಕೈಯಲ್ಲಿ ಇಲ್ಲದಾಗ ಎರಡು ಅಡ್ಡದಾರಿಗಳಿವೆ. ಗ್ಯಾಲನ್, ಕ್ವಾರ್ಟ್, ಪೈಂಟ್, ಗಿಲ್ ಈ ನಾಲ್ಕಕ್ಕೂ: 5 ಬ್ರಿಟಿಷ್ = 6 ಅಮೆರಿಕನ್. ನಿಜವಾದ ಅನುಪಾತ 1.20095. ನೂರು ಬ್ರಿಟಿಷ್ ಗ್ಯಾಲನ್ನಿಗೆ ಅಡ್ಡದಾರಿ 120 ಎನ್ನುತ್ತದೆ, ನಿಜ 120.095. ಅಡುಗೆಗಾಗಲಿ ಕಾರಿಗಾಗಲಿ ಇದು ಲೆಕ್ಕಕ್ಕೇ ಇಲ್ಲದ ವ್ಯತ್ಯಾಸ. ಔನ್ಸಿಗೆ ಮಾತ್ರ ಬೇರೆ ಸೂತ್ರ: 25 ಬ್ರಿಟಿಷ್ = 24 ಅಮೆರಿಕನ್. ಪೈಂಟಿನ ಸೂತ್ರವನ್ನು ಔನ್ಸಿಗೆ ಹಚ್ಚಿದರೆ 10 ಬ್ರಿಟಿಷ್ ಔನ್ಸ್ 12 ಅಮೆರಿಕನ್ ಔನ್ಸ್ ಆಗಿಬಿಡುತ್ತದೆ, ಆಗಬೇಕಾದದ್ದು 9.6. ಕಾಲುಪಾಲು ಹೆಚ್ಚು ಸುರಿದಂತಾಯಿತು. ಇನ್ನೊಂದು ಸಣ್ಣ ಜಾರು: ಬ್ರಿಟಿಷ್ ಗ್ಯಾಲನ್ ಅಮೆರಿಕದ್ದಕ್ಕಿಂತ ಶೇಕಡಾ 20 ದೊಡ್ಡದು ಎಂದ ಮಾತ್ರಕ್ಕೆ ಅಮೆರಿಕದ್ದು ಶೇಕಡಾ 20 ಚಿಕ್ಕದಲ್ಲ, ಶೇಕಡಾ 16.7 ಚಿಕ್ಕದು. ಬ್ರಿಟಿಷ್‌ನಿಂದ ಅಮೆರಿಕನ್‌ಗೆ 1.2ರಿಂದ ಗುಣಿಸಿ, ತಿರುಗಿ ಬರುವಾಗ 1.2ರಿಂದ ಭಾಗಿಸಿ. 0.8ರಿಂದ ಗುಣಿಸಬೇಡಿ.

ಅಡ್ಡದಾರಿಗಿಂತ ಕ್ಷೇಮವಾದದ್ದು ಮಿ.ಲೀ. ಮೂಲಕ ಹೋಗುವ ದಾರಿ. ಮೊದಲು ಆಯಾ ದೇಶದ ಪಟ್ಟಿಯಿಂದ ಮಿ.ಲೀ.ಗೆ ತನ್ನಿ, ಅಲ್ಲಿಂದ ಬೇಕಾದ ಅಳತೆಗೆ ಹೋಗಿ, ಅಂಕಿಯನ್ನು ಸರಿಸುಮಾರು ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಸುತ್ತುಸಂಖ್ಯೆ ಮಾಡಿದರೆ ತಪ್ಪು ಬೆಳೆಯುತ್ತಾ ಹೋಗುತ್ತದೆ. "ಒಂದು ಔನ್ಸ್ ಅಂದರೆ 30 ಮಿ.ಲೀ." ಎಂಬುದು ಎಲ್ಲರಿಗೂ ಬಾಯಿಪಾಠ. ಅಮೆರಿಕದ ಔನ್ಸಿಗೆ ಅದು ಹೆಚ್ಚುಕಡಿಮೆ ಸರಿ. ಬ್ರಿಟನ್ನಿನ 20 ಔನ್ಸಿಗೆ ಅದೇ ಲೆಕ್ಕ ಹಿಡಿದರೆ 568 ಇರಬೇಕಾದದ್ದು 600 ಆಗುತ್ತದೆ. ಸಾರಿಗಾದರೆ ಚಿಂತೆಯಿಲ್ಲ, ಕಸ್ಟರ್ಡ್ ಗಟ್ಟಿಯಾಗುವುದಿಲ್ಲ.

ಗುಣಾಕಾರ ಕಷ್ಟದ್ದೇನಲ್ಲ. ಮುಂದಿರುವ ಪೈಂಟು ಯಾವ ದೇಶದ್ದು ಎಂದು ಗುರುತಿಸುವುದರಲ್ಲೇ ಹೆಚ್ಚಿನವರು ಸೋಲುವುದು. ಬರಹದಲ್ಲಿ ಸುಳಿವು ಇದ್ದೇ ಇರುತ್ತದೆ. ಹಿಟ್ಟು, ಸಕ್ಕರೆಯನ್ನೂ ಕಪ್ಪಿನಲ್ಲೇ ಅಳೆದಿದ್ದರೆ, ಬೆಣ್ಣೆಗೆ "ಸ್ಟಿಕ್" ಎಂದಿದ್ದರೆ (ಒಂದು ಸ್ಟಿಕ್ 113 ಗ್ರಾಂ) ಅದು ಅಮೆರಿಕದ್ದು. ಹಿಟ್ಟನ್ನು ಔನ್ಸಿನಲ್ಲಿ ತೂಗಿ ಹಾಲನ್ನು ಪೈಂಟಿನಲ್ಲೋ ಗಿಲ್ಲಿನಲ್ಲೋ ಹೇಳಿದ್ದರೆ ಬ್ರಿಟನ್ನಿನದು. ಆದರೆ ಗಿಲ್ ಎಂದರೆ ಉತ್ತರ ಇಂಗ್ಲೆಂಡಿನ ಕೆಲವೆಡೆ ಆಡುಮಾತಿನಲ್ಲಿ ಅರ್ಧ ಪೈಂಟ್ ಎಂಬ ಅರ್ಥವೂ ಇತ್ತು. ಆ ಭಾಗದ ಹಳೆಯ ಕೈಬರಹದ ವಿಧಾನ ಸಿಕ್ಕರೆ ಉಳಿದ ಸಾಮಗ್ರಿಗಳ ಜೊತೆ ತಾಳೆ ನೋಡಿ. ಕೆನಡಾ ಇನ್ನೊಂದು ಇಕ್ಕಟ್ಟು: ಅಮೆರಿಕದ ಪಕ್ಕದಲ್ಲೇ ಇದ್ದರೂ ಅಲ್ಲಿನ ಸಾಂಪ್ರದಾಯಿಕ ಗ್ಯಾಲನ್ ಇಂಪೀರಿಯಲ್. ಇನ್ನು 1826ಕ್ಕಿಂತ ಹಿಂದಿನ ಇಂಗ್ಲಿಷ್ ಅಡುಗೆ ಪುಸ್ತಕವಾದರೆ ಅಲ್ಲಿನ ಪೈಂಟು ಸಾಮಾನ್ಯವಾಗಿ ದ್ರಾಕ್ಷಾರಸದ ಗ್ಯಾಲನ್ನಿನ ಮರಿ, ಅಂದರೆ 473 ಮಿ.ಲೀ. ಆಸುಪಾಸು, ಬಿಯರಿನದಾದರೆ 578. ಪುಸ್ತಕ ಬ್ರಿಟನ್ನಿನದು ಎಂದು ಕಣ್ಣುಮುಚ್ಚಿ 568 ಹಾಕುವಂತಿಲ್ಲ.

ಜಗ್ಗಿನ ಗುರುತು ಪತ್ತೆ ಮಾಡುವುದು ಇನ್ನೂ ಸುಲಭ. ಎರಡು ಬಗೆಯ ಗೆರೆಗಳಿದ್ದರೆ "1 ಪೈಂಟ್" ಗೆರೆಯ ಎದುರು ಮಿ.ಲೀ. ಎಷ್ಟಿದೆ ನೋಡಿ: 500ಕ್ಕಿಂತ ಕೆಳಗಿದ್ದರೆ ಅಮೆರಿಕದ್ದು, 550 ದಾಟಿದ್ದರೆ ಬ್ರಿಟನ್ನಿನದು. ಮಿ.ಲೀ. ಗೆರೆಯೇ ಇಲ್ಲದಿದ್ದರೆ ಅಡುಗೆಯ ಡಿಜಿಟಲ್ ತಕ್ಕಡಿ ಸಾಕು. ಖಾಲಿ ಜಗ್ಗಿಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು, ಪೈಂಟಿನ ಗೆರೆಯವರೆಗೆ ನಲ್ಲಿ ನೀರು ತುಂಬಿ. ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿ. ನೀರು ಗಾಜಿನ ಅಂಚಿನಲ್ಲಿ ಮೇಲಕ್ಕೇರಿ ನಡುವೆ ತಗ್ಗಿರುತ್ತದೆ, ಆ ತಗ್ಗು ಗೆರೆಗೆ ಮುಟ್ಟಬೇಕು. ತಕ್ಕಡಿ 568 ಗ್ರಾಂ ಹತ್ತಿರ ತೋರಿಸಿದರೆ ಬ್ರಿಟಿಷ್, 473 ಹತ್ತಿರವಾದರೆ ಅಮೆರಿಕನ್. ಎರಡರ ನಡುವೆ 95 ಗ್ರಾಂ ಅಂತರವಿರುವುದರಿಂದ ತಕ್ಕಡಿ ಅಗ್ಗದ್ದಾದರೂ ಉತ್ತರ ತಪ್ಪುವುದಿಲ್ಲ. ಗೊತ್ತಾದ ಮೇಲೆ ಜಗ್ಗಿನ ತಳಕ್ಕೆ ದೇಶದ ಹೆಸರು ಬರೆದಿಡಿ.

ಮೊಬೈಲಿನಲ್ಲಿ ಲೆಕ್ಕ ಹಾಕುವವರಿಗೊಂದು ಎಚ್ಚರಿಕೆ: ಬರೀ "ಗ್ಯಾಲನ್" ಎಂದು ಕೊಟ್ಟರೆ ಹೆಚ್ಚಿನ ಪರಿವರ್ತಕಗಳು ಅಮೆರಿಕದ್ದೆಂದೇ ತೆಗೆದುಕೊಳ್ಳುತ್ತವೆ. ಬ್ರಿಟನ್ನಿನದು ಬೇಕಾದರೆ "ಇಂಪೀರಿಯಲ್" ಆಯ್ಕೆ ಹುಡುಕಿ ಒತ್ತಬೇಕು.

ಅಡುಗೆಯಲ್ಲಿ ಇದಕ್ಕಿಂತ ದೊಡ್ಡ ಅನಾಹುತ ಮಾಡುವುದು ತೂಕದ ಔನ್ಸ್ ಮತ್ತು ದ್ರವ ಔನ್ಸಿನ ಕಲಬೆರಕೆ. ನೀರಿಗೆ, ಹಾಲಿಗೆ ಎರಡೂ ಹತ್ತಿರ ಹತ್ತಿರ ಇರುವುದರಿಂದ ತಪ್ಪು ಕಾಣುವುದಿಲ್ಲ. ಮೈದಾ ಹಗುರ. 8 ಔನ್ಸ್ ಮೈದಾ ತೂಕದಲ್ಲಿ 227 ಗ್ರಾಂ. ಅದನ್ನೇ 8 ದ್ರವ ಔನ್ಸ್ ಎಂದುಕೊಂಡು ಒಂದು ಕಪ್ ತುಂಬಿದರೆ ಸಿಗುವುದು ಸುಮಾರು 120-125 ಗ್ರಾಂ, ಹೆಚ್ಚುಕಡಿಮೆ ಅರ್ಧ. ಕೇಕು ಪಾಯಸವಾಗುವುದು ಹೀಗೆ. ಪುಡಿ, ಕಾಳು, ಬೆಣ್ಣೆಗೆ ಔನ್ಸ್ ಎಂದಿದ್ದರೆ ತೂಕ, ಸುರಿಯುವ ಪದಾರ್ಥಕ್ಕೆ ಎಂದಿದ್ದರೆ ಗಾತ್ರ ಎಂದು ಇಟ್ಟುಕೊಂಡರೆ ಹತ್ತರಲ್ಲಿ ಒಂಬತ್ತು ಸಲ ಸರಿ.

ಕಪ್ಪುಗಳಲ್ಲೂ ಹಲವು. ಅಮೆರಿಕದ ಅಡುಗೆ ಕಪ್ 236.6 ಮಿ.ಲೀ., ಅಲ್ಲಿನ ಪೊಟ್ಟಣದ ಪೌಷ್ಟಿಕ ಮಾಹಿತಿಯಲ್ಲಿ ಕಾನೂನು ಹೇಳುವ ಕಪ್ 240, ಆಸ್ಟ್ರೇಲಿಯಾದ್ದು 250. ಇವುಗಳ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಒಂದೇ ಕಪ್ಪಿನಲ್ಲಿ ಎಲ್ಲವನ್ನೂ ಅಳೆದರೆ ಪ್ರಮಾಣ ತಾನೇ ಕೂಡಿಬರುತ್ತದೆ. ಟೇಬಲ್ ಚಮಚಕ್ಕೆ ಮಾತ್ರ ಎಚ್ಚರ ಬೇಕು: ಅಮೆರಿಕದ್ದು 14.8, ಬ್ರಿಟನ್ನಿನ ಈಗಿನದು 15, ಆಸ್ಟ್ರೇಲಿಯಾದ್ದು 20 ಮಿ.ಲೀ. ಬ್ರಿಟನ್ನಿನ ಹಳೆಯ ಚಮಚ ಇನ್ನೂ ಬೇರೆ, ಸುಮಾರು 17.7. ಮೆಲ್ಬರ್ನಿನ ಚಮಚದಲ್ಲಿ ಅಮೆರಿಕದ ವಿಧಾನದ ಬೇಕಿಂಗ್ ಪೌಡರ್ ಅಳೆದರೆ ಮೂರನೇ ಒಂದು ಪಾಲು ಹೆಚ್ಚಾಗಿ ಕೇಕು ಉಬ್ಬಿ ಕುಸಿಯುತ್ತದೆ, ಬಾಯಿಗೂ ಕಹಿ ಹತ್ತುತ್ತದೆ. ಔಷಧದ ವಿಷಯದಲ್ಲಂತೂ ಈ ಯಾವ ಲೆಕ್ಕವೂ ಬೇಡ. ಬಾಟಲಿಯ ಜೊತೆ ಬಂದ ಮಿ.ಲೀ. ಗುರುತಿನ ಮುಚ್ಚಳ ಅಥವಾ ಸಿರಿಂಜು ಬಿಟ್ಟು ಬೇರೇನೂ ಬಳಸಬೇಡಿ.

ಈಗ ಕಾರಿಗೆ ಬರೋಣ. ಮೈಲಿ ಎರಡೂ ಕಡೆ ಒಂದೇ, 1.609344 ಕಿ.ಮೀ. ಬೇರೆಯಾಗುವುದು ಗ್ಯಾಲನ್ ಮಾತ್ರ. ಬ್ರಿಟಿಷ್ ಅಂಕಿಯನ್ನು 2.825ರಿಂದ, ಅಮೆರಿಕನ್ ಅಂಕಿಯನ್ನು 2.352ರಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಕಿ.ಮೀ. ಎಂದು ನಮಗೆ ರೂಢಿಯಿರುವ ಲೆಕ್ಕ ಸಿಗುತ್ತದೆ. ಯುರೋಪಿನ ಕ್ರಮದಲ್ಲಿ 100 ಕಿ.ಮೀ.ಗೆ ಎಷ್ಟು ಲೀಟರ್ ಬೇಕು ಎಂದು ತಿಳಿಯಬೇಕಾದರೆ 282.5ನ್ನು ಬ್ರಿಟಿಷ್ ಅಂಕಿಯಿಂದ ಅಥವಾ 235.2ನ್ನು ಅಮೆರಿಕನ್ ಅಂಕಿಯಿಂದ ಭಾಗಿಸಿ. ಮಗನ ಕಾರಿಗೆ 5.65, ಮಗಳ ಕಾರಿಗೆ 5.60 ಲೀಟರ್. ಇಲ್ಲಿ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ಬ್ರಿಟನ್ನಿನ ಬಂಕಿನಲ್ಲಿ ಪೆಟ್ರೋಲ್ ಹಾಕುವುದು ಲೀಟರಿನಲ್ಲೇ, ಮೈಲೇಜು ಹೇಳುವಾಗ ಮಾತ್ರ ಗ್ಯಾಲನ್ ಬರುತ್ತದೆ. ಆದ್ದರಿಂದ ಮಗ ತಾನು ಹಾಕಿಸಿದ ಲೀಟರನ್ನು 4.546ರಿಂದ ಭಾಗಿಸಿ ನೋಡಿದ್ದಾನೋ, ಬರೀ ಡ್ಯಾಶ್‌ಬೋರ್ಡ್ ನಂಬಿದ್ದಾನೋ ಕೇಳಿ. ಕೆಲವು ಕಾರುಗಳ ಸೆಟ್ಟಿಂಗಿನಲ್ಲಿ ಬ್ರಿಟಿಷ್ ಎಂಪಿಜಿ (ಗ್ಯಾಲನ್ನಿಗೆ ಎಷ್ಟು ಮೈಲಿ), ಅಮೆರಿಕನ್ ಎಂಪಿಜಿ ಎರಡೂ ಆಯ್ಕೆಗಳಿರುತ್ತವೆ. ಕಂಪನಿ ಘೋಷಿಸಿದ ಮೈಲೇಜನ್ನೇ ಹೋಲಿಸುತ್ತಿದ್ದರೆ ಈ 17.70, 17.86ರ ಅಂತರಕ್ಕೆ ಅರ್ಥವೇ ಇಲ್ಲ. ಎರಡು ದೇಶಗಳ ಪರೀಕ್ಷಾ ಕ್ರಮವೇ ಬೇರೆ. ಮಕ್ಕಳಿಬ್ಬರೂ ಸಮ ಎಂದುಬಿಡಿ.

ಈ 5ಕ್ಕೆ 6ರ ನಂಟು ಮದ್ಯದ ಬಾಟಲಿಯಲ್ಲಿ ಒಂದು ಸೊಗಸಾದ ಕಾಕತಾಳೀಯ ಮಾಡಿದೆ. ಬ್ರಿಟನ್ನಿನ ವ್ಯಾಪಾರಿಗಳ ಬಾಟಲಿ ಇಂಪೀರಿಯಲ್ ಗ್ಯಾಲನ್ನಿನ ಆರನೇ ಒಂದು ಪಾಲು, 757.7 ಮಿ.ಲೀ. ಅಮೆರಿಕದ "ಫಿಫ್ತ್" ಅಲ್ಲಿನ ಗ್ಯಾಲನ್ನಿನ ಐದನೇ ಒಂದು ಪಾಲು, 757.1 ಮಿ.ಲೀ. ಬೇರೆ ಬೇರೆ ಗ್ಯಾಲನ್ನಿನಿಂದ ಹೊರಟು ಎರಡೂ ಒಂದೇ ಬಾಟಲಿಗೆ ಬಂದು ನಿಂತವು. ಇಂದಿನ 750 ಮಿ.ಲೀ. ಬಾಟಲಿ ಅದರ ಮೆಟ್ರಿಕ್ ರೂಪ. ಅಂದಹಾಗೆ ನಮ್ಮ 180 ಮಿ.ಲೀ. "ಕ್ವಾರ್ಟರ್"ಗೂ ಕ್ವಾರ್ಟಿಗೂ ಗಂಟುಹಾಕಬೇಡಿ. ಒಂದು ಬಾಟಲಿಯ ಕಾಲು, ಇನ್ನೊಂದು ಗ್ಯಾಲನ್ನಿನ ಕಾಲು.

ಬ್ಯಾರಲ್‌ಗೆ, ಧಾನ್ಯ ಅಳೆಯುವ ಬುಶೆಲ್‌ಗೆ ಮಾತ್ರ 5ಕ್ಕೆ 6 ನಡೆಯುವುದಿಲ್ಲ. ಸುದ್ದಿಯಲ್ಲಿ ಬರುವ ಕಚ್ಚಾ ತೈಲದ ಬ್ಯಾರಲ್ ಎಲ್ಲೆಡೆ 42 ಅಮೆರಿಕನ್ ಗ್ಯಾಲನ್, ಅಂದರೆ 159 ಲೀಟರ್. ಬಿಯರ್ ಬ್ಯಾರಲ್ ಬ್ರಿಟನ್ನಿನಲ್ಲಿ 36 ಬ್ರಿಟಿಷ್ ಗ್ಯಾಲನ್ (163.7 ಲೀಟರ್), ಅಮೆರಿಕದಲ್ಲಿ 31 ಅಮೆರಿಕನ್ ಗ್ಯಾಲನ್ (117.3 ಲೀಟರ್). ಅಮೆರಿಕದ ಅಂಗಡಿಯಲ್ಲಿ ಬೆರ್ರಿ ಹಣ್ಣನ್ನು ಮಾರುವ ಒಣ ಪೈಂಟ್ 550.6 ಮಿ.ಲೀ., ಅದು ಹಳೆಯ ಧಾನ್ಯದ ಗ್ಯಾಲನ್ನಿನ ಕುಡಿ. ಬ್ರಿಟನ್ನಿನಲ್ಲಿ ಒಣ ಪದಾರ್ಥಕ್ಕೆ ಬೇರೆ ಪೈಂಟಿಲ್ಲ. ಗೋಧಿ, ಜೋಳದ ಬೆಲೆಯನ್ನು ಬುಶೆಲ್‌ನಲ್ಲಿ ಓದಿದರೆ ಗಾತ್ರದ ಗೊಡವೆಯೇ ಬೇಡ. ಅಮೆರಿಕದ ವ್ಯಾಪಾರದಲ್ಲಿ ಗೋಧಿಯ ಬುಶೆಲ್ 60 ಪೌಂಡ್, ಮೆಕ್ಕೆಜೋಳದ್ದು 56 ಪೌಂಡ್ ಎಂದು ತೂಕವೇ ಗೊತ್ತುಮಾಡಿದೆ.

ಗ್ಯಾಲನ್ ನಮ್ಮ ಮನೆಯೊಳಗೂ ಇದೆ. ಭಾರತ 1956ರ ಕಾಯ್ದೆಯಿಂದ ಮೆಟ್ರಿಕ್ಕಿಗೆ ಬಂದರೂ ಹಳೆಯ ನೀರು ಸರಬರಾಜಿನ ಕಡತಗಳಲ್ಲಿ ಎಂಜಿಡಿ, ಅಂದರೆ ದಿನಕ್ಕೆ ಹತ್ತು ಲಕ್ಷ ಗ್ಯಾಲನ್, ಎಂದು ಕಾಣುತ್ತದೆ. ಬ್ರಿಟಿಷ್ ರೂಢಿಯ ಆ ಗ್ಯಾಲನ್ ಇಂಪೀರಿಯಲ್. 10 ಎಂಜಿಡಿ ಅಂದರೆ ದಿನಕ್ಕೆ 4.55 ಕೋಟಿ ಲೀಟರ್. ಅಮೆರಿಕದ ಗ್ಯಾಲನ್ ಹಿಡಿದರೆ 3.79 ಕೋಟಿಗೆ ಇಳಿದು ಎಪ್ಪತ್ತಾರು ಲಕ್ಷ ಲೀಟರ್ ಕಾಗದದ ಮೇಲೆಯೇ ಆವಿಯಾಗುತ್ತದೆ. ಅಣೆಕಟ್ಟಿನ ಟಿಎಂಸಿಗೆ (ನೂರು ಕೋಟಿ ಘನ ಅಡಿ) ಈ ಕಾಟವಿಲ್ಲ. ಅಡಿ, ಅಂಗುಲ ಎರಡು ದೇಶಗಳಲ್ಲೂ ಒಂದೇ ಆದ್ದರಿಂದ ಘನ ಅಡಿಯೂ ಒಂದೇ: 28.317 ಲೀಟರ್. ಒಂದು ಟಿಎಂಸಿ ಸುಮಾರು 2,832 ಕೋಟಿ ಲೀಟರ್.

ಅಡುಗೆಮನೆಯ ಆರ್‌ಒ ಯಂತ್ರದ ಮೆಂಬ್ರೇನ್ ಮೇಲೆ "75 ಜಿಪಿಡಿ", ಅಂದರೆ ದಿನಕ್ಕೆ 75 ಗ್ಯಾಲನ್, ಎಂದು ಬರೆದಿರುತ್ತದಲ್ಲ, ಅದು ಅಮೆರಿಕದ ಗ್ಯಾಲನ್. ದಿನಕ್ಕೆ 284 ಲೀಟರ್, ಗಂಟೆಗೆ 11.8 ಲೀಟರ್. ಬ್ರಿಟಿಷ್ ಗ್ಯಾಲನ್ ಹಿಡಿದು ಗಂಟೆಗೆ 14 ಲೀಟರ್ ಬರಬೇಕೆಂದು ಕಾದರೆ ಮೆಂಬ್ರೇನ್ ಕೆಟ್ಟಿದೆ ಎಂದು ಸುಮ್ಮನೆ ಬದಲಾಯಿಸಬೇಕಾದೀತು. ಆ 11.8 ಕೂಡ ನಿಗದಿತ ಒತ್ತಡದಲ್ಲಿ, 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅಳೆದದ್ದು. ಪಂಪಿನ ಒತ್ತಡ ಕುಗ್ಗಿದ್ದರೆ, ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚಿದ್ದರೆ, ಚಳಿಗಾಲದಲ್ಲಿ ತೊಟ್ಟಿಯ ನೀರು ತಣ್ಣಗಿದ್ದರೆ ಇನ್ನೂ ಕಡಿಮೆ ಬರುತ್ತದೆ.